ಕೆಂಪು ಶಾಯಿಯ ‘ದಿ’

ಕುಷ್ಟಗಿ
20 ಜುಲೈ 2024

ದೊಡ್ಡಬಸಪ್ಪ ಸರ್ ಅವರಿಗೆ ನಾಹೀದಾಳ ಸಲಾಂ.

‘ನನ್ನ ನೆನಪು ನಿಮಗೆ ಇರಲಿಕ್ಕಿಲ್ಲ’ ಎಂದು ಶುರು ಮಾಡಬೇಕೆಂದಿದ್ದೆ. ಆದರೆ ನಿಮ್ಮ ಮನೆಗೆ ಫೋನು ಮಾಡಿದಾಗ ನಿಮ್ಮ ಶ್ರೀಮತಿ ಅನ್ನಮ್ಮನವರು ನಿಮ್ಮನ್ನು ಕೇಳಿ ಹೇಳಿಯೇ ಬಿಟ್ಟರು: “ಮೆಹಬೂಬಸಾಬರ ಮಗಳಲ್ಲ? ಮುಂದಿನ ಬೆಂಚಿನ್ಯಾಗ ಕುಂತು ಜಗಳಾ ತಗೀತಿದ್ದಿ ಅಂತ ನೋಡವಾ.” ಹೌದು ಸರ್, ಅದೇ ನಾಹೀದಾ. ನಿಮಗೀಗ ಕಿವಿ ಕೇಳುವುದಿಲ್ಲ, ಮೊಬೈಲಿನ ಗಾಜಿನ ಮೇಲೆ ತಿದ್ದುವುದಂತೂ ಆಗದ ಮಾತು, ಏನಿದ್ದರೂ ಕಾಗದದ ಮೇಲೆ ಕಳಿಸು ಎಂದೂ ಅವರೇ ಹೇಳಿದರು.

ನಾನೀಗ ಇಲ್ಲಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕುಷ್ಟಗಿಯ ದಾಳಿಂಬೆ ಶೆಡ್ಡುಗಳಲ್ಲಿ ಹಣ್ಣು ಆರಿಸುವ ಹೆಂಗಸರ ಕೆಲಸದ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನವಾದರೂ ಸಂಶೋಧನಾ ಪತ್ರಿಕೆಯಲ್ಲಿ ಸ್ವೀಕಾರವಾಗಿರಬೇಕು ಎಂದು ನಿಯಮ. ನನ್ನ ಲೇಖನ ವಾಪಸು ಬಂದಿದೆ. ವಿಷಯ ಛಲೋ ಇದೆಯಂತೆ, ಇಂಗ್ಲಿಷಿನಲ್ಲಿ ‘ದಿ’ ಎಲ್ಲಿ ಬೇಕು ಎಲ್ಲಿ ಬೇಡ ಎಂಬುದೇ ನನಗೆ ತಿಳಿದಿಲ್ಲವಂತೆ, ತಿದ್ದಿಸಿ ಕಳಿಸಬೇಕಂತೆ. ಬರುವ ಮಾರ್ಚಿಗೆ ನನ್ನ ನೋಂದಣಿಯ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ಲೇಖನ ಒಪ್ಪಿಗೆಯಾಗದಿದ್ದರೆ ಇಷ್ಟು ವರ್ಷ ಮಾಡಿದ್ದೆಲ್ಲ ನೀರಿಗೆ ಹೋದಂತೆ. ಕಾಲೇಜಿನವರೂ ಪಿಎಚ್‌ಡಿ ಇದ್ದವರನ್ನು ಮೊದಲು ಕರೆಯುತ್ತಾರೆ.

ತಮ್ಮ ರಫೀ ಪ್ರತಿ ವಾರ ಟೆಂಪೋದಲ್ಲಿ ಗಂಗಾವತಿ ಮಾರ್ಕೆಟ್ಟಿಗೆ ಹಣ್ಣು ತರುತ್ತಾನೆ. ಅವನ ಕೈಯಲ್ಲಿ ಹಾಳೆಗಳನ್ನು ಕಳಿಸಿದ್ದೇನೆ. ಶಾಲೆಯಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು ನೀವು, ನೀವೇ ತಿದ್ದಿಕೊಡಬೇಕು. ಜೊತೆಗೆ ಅಮ್ಮಿ ಮೊಹರಮ್ಮಿನ ಸಿಹಿರೊಟ್ಟಿ, ಚೊಂಗೆ, ಡಬ್ಬಿಗೆ ಹಾಕಿದ್ದಾರೆ. ಬೇಡ ಅನ್ನಬೇಡಿ.

ನಾಹೀದಾ


ಗಂಗಾವತಿ
11 ಆಗಸ್ಟ್ 2024

ನಾಹೀದಾ,

ಆಶೀರ್ವಾದ ಆಮೇಲೆ. ಮೊದಲು ಬೈಗುಳ.

ಮೊದಲ ಸಾಲಿನಲ್ಲೇ ‘ದಿ ಶೆಡ್’ ಎಂದಿದ್ದೀ. ಯಾವ ಶೆಡ್ಡವಾ? ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಆ ಶೆಡ್ಡು’ ಎಂದರೆ ರಫೀಗೆ ತಿಳಿದೀತು. ಪತ್ರಿಕೆಯ ಸಂಪಾದಕನಿಗೆ ಹೇಗೆ ತಿಳಿಯಬೇಕು? ಅವನೇನು ನಿಮ್ಮ ಓಣಿಯವನೆ? ‘ದಿ’ ಹಚ್ಚಿದೆ ಎಂದರೆ ‘ಇದು ನಿನಗೂ ಗೊತ್ತು, ನನಗೂ ಗೊತ್ತು’ ಎಂದು ಓದುವವನಿಗೆ ಹೇಳಿದ ಹಾಗೆ. ಗೊತ್ತಿಲ್ಲದವನ ಮುಂದೆ ಹಾಗೆ ಮಾತಾಡಿದರೆ ಅವನು ತಬ್ಬಿಬ್ಬಾಗುತ್ತಾನೆ. ಮೊದಲ ಸಲ ‘ಎ ಶೆಡ್’ ಎಂದು ಕರೆತಂದು ಪರಿಚಯ ಮಾಡಿಸು. ಎರಡನೆಯ ಸಲ ಧಾರಾಳ ‘ದಿ ಶೆಡ್’ ಎನ್ನು.

ಇನ್ನು ಬೇಕಾದ ಕಡೆ ಇಲ್ಲ. ಕೊಪ್ಪಳಕ್ಕೆ ‘ದಿ’ ಹಚ್ಚಿ ತುಂಗಭದ್ರೆಗೆ ಬಿಟ್ಟಿದ್ದೀ. ಊರಿನ ಹೆಸರಿಗೆ ಬೇಡ, ಹೊಳೆಯ ಹೆಸರಿಗೆ ಬೇಕು. ಯಾಕೆ ಎಂದು ಕೇಳಬೇಡ. ಮುಂದಿನ ಬೆಂಚಿನಲ್ಲಿ ಕುಳಿತು ಆಗಲೂ ಇದನ್ನೇ ಕೇಳಿದ್ದೆ, ಆಗಲೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಳೆಗಳು ಕೆಂಪಾಗಿವೆ. ಗಾಬರಿಯಾಗಬೇಡ, ನನ್ನ ಕೈಗೆ ಬಂದ ಹಾಳೆ ಯಾವುದೂ ಬೆಳ್ಳಗೆ ಹೋಗಿಲ್ಲ. ನಿಮ್ಮಮ್ಮನ ಚೊಂಗೆಯನ್ನು ಮಗ ಪ್ರಭುರಾಜ ಅಂಗಡಿಗೆ ಒಯ್ದು ಗಿರಾಕಿಗಳಿಗೂ ಹಂಚಿ ಬಂದ. ಡಬ್ಬಿಯಲ್ಲಿ ಪಂಚಮಿಯ ಉಂಡಿ ಇವೆ.

ಆಶೀರ್ವಾದ.
ದೊಡ್ಡಬಸಪ್ಪ


ಕುಷ್ಟಗಿ
25 ಆಗಸ್ಟ್ 2024

ಸರ್,

ಹಾಳೆ ಬಿಚ್ಚಿದರೆ ತುಂಬ ಕೆಂಪೇ ಕೆಂಪು. ಅಮ್ಮಿ ಹಣಕಿ ನೋಡಿ, “ಯಾ ಅಲ್ಲಾ, ಇಷ್ಟು ತಪ್ಪ ಮಾಡೀಯೇನ? ಮತ್ತ ಕಾಲೇಜಿನ್ಯಾಗ ಏನ್ ಕಲಿಸ್ತಿ?” ಎಂದರು. ನಾಲ್ಕು ದಿನ ಅವರ ಜೊತೆ ಮಾತು ಬಿಟ್ಟಿದ್ದೆ. ಉಂಡಿ ತಿಂದು ಮತ್ತೆ ಶುರುವಾಯಿತು.

ಆದರೆ ನೀವು ಹೇಳಿದ ಮಾತು ತಲೆಗೆ ಹೋಯಿತು. ನಾನು ಓದುವವರೆಲ್ಲ ಕುಷ್ಟಗಿಯವರೇ ಎಂದುಕೊಂಡು ಬರೆಯುತ್ತಿದ್ದೆ. ‘ಆ ಮಾಲೀಕ’, ‘ಆ ಕ್ರೇಟು’, ‘ಆ ಹಂಗಾಮು’. ಎಲ್ಲವನ್ನೂ ಹೊಸದಾಗಿ ಪರಿಚಯ ಮಾಡಿಸುತ್ತ ಬಂದಿದ್ದೇನೆ.

ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ‘ವಿಮೆನ್’ ಎಂದು ನಾನು ಬರೆದಲ್ಲಿ ನೀವು ಕೆಲವು ಕಡೆ ‘ದಿ’ ಸೇರಿಸಿದ್ದೀರಿ, ಕೆಲವು ಕಡೆ ಬಿಟ್ಟಿದ್ದೀರಿ. ನಾನು ನೋಡಿದ ಪುಸ್ತಕದಲ್ಲಿ ಬಹುವಚನಕ್ಕೆ ಬೇಡ ಎಂದಿದೆ. ಮಧ್ಯದ ಭಾಗದ ಹಾಳೆಗಳ ಜೊತೆ ಈ ಪ್ರಶ್ನೆಯನ್ನೂ ಕಳಿಸುತ್ತಿದ್ದೇನೆ.

ಡಬ್ಬಿಯಲ್ಲಿ ನಮ್ಮ ಹೊಲದ ಹೆಸರುಕಾಳು ಇದೆ.

ನಾಹೀದಾ


ಗಂಗಾವತಿ
15 ಸೆಪ್ಟೆಂಬರ್ 2024

ನಾಹೀದಾ,

ಪುಸ್ತಕ ಸುಳ್ಳು ಹೇಳಿಲ್ಲ, ನೀನು ಅರ್ಧ ಓದಿ ಮುಚ್ಚಿಟ್ಟಿದ್ದೀ.

‘ಹೆಂಗಸರಿಗೆ ಮುಂಜಾನೆಯ ಪಾಳಿಯೇ ಇಷ್ಟ’ ಎಂದು ‘ದಿ’ ಇಲ್ಲದೆ ಬರೆದೆಯಲ್ಲ, ಅದು ಜಗತ್ತಿನ ಹೆಂಗಸರೆಲ್ಲರ ಮಾತಾಯಿತು. ಅನ್ನಮ್ಮನಿಗೆ ಓದಿ ಹೇಳಿದೆ. “ನನ್ನ ಯಾವಾಗ ಕೇಳ್ಯಾಳರಿ ಆಕಿ? ನನಗ ಮುಂಜಾನಿ ಕೆಲಸ ಅಂದ್ರ ಆಗಿ ಬರೂದಿಲ್ಲ” ಎಂದು ಕಾಗದದ ಮೇಲೆ ಬರೆದು ತೋರಿಸಿದಳು. ನೀನು ಎರಡು ಶೆಡ್ಡುಗಳಲ್ಲಿ ಕೂತು ಮಾತಾಡಿಸಿದ ಹೆಂಗಸರ ಅಭಿಪ್ರಾಯ ಅದು. ಅವರದು ಎಂದೇ ಹೇಳಬೇಕು. ‘ದಿ ವಿಮೆನ್’. ಸಂಶೋಧನೆಯಲ್ಲಿ ಇದು ಬರೀ ವ್ಯಾಕರಣದ ಮಾತಲ್ಲ ತಂಗಿ, ಪ್ರಾಮಾಣಿಕತೆಯ ಮಾತು. ಕೇಳಿದ್ದು ನಾಲ್ಕು ಮಂದಿಯನ್ನು, ಹೇಳುವುದು ಊರ ಮಂದಿಯ ಪರವಾಗಿ, ಹಾಗಾಗಬಾರದು.

ಇನ್ನೊಂದು. ದುಡಿಮೆ, ಬಡತನ, ವಲಸೆ, ಇಂಥವನ್ನು ಸಾಮಾನ್ಯವಾಗಿ ಹೇಳುವಾಗ ‘ದಿ’ ಹಚ್ಚಬೇಡ. ಬರೀ ‘ಲೇಬರ್’ ಸಾಕು. ಇಂಥವರ ದುಡಿಮೆ ಎಂದು ಹೆಸರಿಟ್ಟು ಹೇಳುವಾಗ ಮಾತ್ರ ‘ದಿ’ ಬೇಕು. ಇದನ್ನು ಗೋಡೆಗೆ ಬರೆದು ಹಚ್ಚಿಕೋ.

ಈ ಸಲ ಕೆಂಪು ಕಡಿಮೆಯಾಗಿದೆ. ಹೊಗಳುತ್ತಿಲ್ಲ, ಲೆಕ್ಕ ಹೇಳುತ್ತಿದ್ದೇನೆ. ಡಬ್ಬಿಯಲ್ಲಿ ಗುರೆಳ್ಳು ಚಟ್ನಿ ಇದೆ.

ದೊಡ್ಡಬಸಪ್ಪ


ಕುಷ್ಟಗಿ
6 ಅಕ್ಟೋಬರ್ 2024

ಸರ್,

ಗೋಡೆಗೆ ಹಚ್ಚಿದೆ. ರಫೀ ಅದನ್ನು ನೋಡಿ ಯಾರೋ ಹಣ ಕೇಳಿದ ನೋಟೀಸು ಎಂದುಕೊಂಡಿದ್ದ.

ಇಡೀ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಬರೆದಿದ್ದೇನೆ. ಒಂದೊಂದು ಹೆಸರಿನ ಮುಂದೆಯೂ ನಿಂತು, ಓದುವವನಿಗೆ ಇದು ಗೊತ್ತೋ ಇಲ್ಲವೋ ಎಂದು ಕೇಳಿಕೊಂಡೇ ಮುಂದೆ ಹೋಗಿದ್ದೇನೆ. ಇದೇ ಕೊನೆಯ ಸಲ, ನೀವೊಮ್ಮೆ ಕಣ್ಣಾಡಿಸಿದರೆ ಈ ತಿಂಗಳಲ್ಲೇ ಪತ್ರಿಕೆಗೆ ಕಳಿಸಿಬಿಡುತ್ತೇನೆ. ನೀವು ತಿದ್ದಿದ್ದನ್ನು ಇದ್ದ ಹಾಗೇ ಟೈಪು ಮಾಡುತ್ತೇನೆ, ಅದರಲ್ಲಿ ನನ್ನ ತಲೆ ಹಾಕುವುದಿಲ್ಲ.

ಮೊದಲ ಹಂಗಾಮಿನ ಹಣ್ಣು ಕಳಿಸಿದ್ದೇನೆ. ಮೇಲೆ ಸ್ವಲ್ಪ ಸೀಳಿರಬಹುದು, ಒಳಗೆ ಭಾಳ ಸಿಹಿ.

ನಾಹೀದಾ


ಗಂಗಾವತಿ
20 ಅಕ್ಟೋಬರ್ 2024

ನಾಹೀದಾ,

ಈ ಸಲ ಹಾಳೆಗಳನ್ನು ಸ್ವಲ್ಪ ಹೆಚ್ಚು ಹೊತ್ತು ಮುಂದಿಟ್ಟುಕೊಂಡು ಕೂತಿದ್ದೆ. ತಪ್ಪು ತಿಳಿಯಬೇಡ.

ಅಲ್ಲಲ್ಲಿ ‘ದಿ’ ಸೇರಿಸಿದ್ದೇನೆ. ವಿವರಿಸಿ ಬರೆಯುವಂಥದ್ದೇನೂ ಇಲ್ಲ. ಉಳಿದದ್ದು ಸರಿಯಾಗಿದೆ. ಕಳಿಸು.

ಹಣ್ಣು ಛಲೋ ಇದ್ದವು. ಡಬ್ಬಿಯಲ್ಲಿ ಗಂಗಾವತಿಯ ಅಕ್ಕಿ ಇದೆ.

ದೊಡ್ಡಬಸಪ್ಪ


ಕುಷ್ಟಗಿ
2 ಡಿಸೆಂಬರ್ 2024

ಸರ್,

ನಿಮ್ಮ ಆರೋಗ್ಯ ಹೇಗಿದೆ? ಕಣ್ಣಿಗೆ ತೋರಿಸಿಕೊಂಡು ಬಹಳ ದಿನವಾಗಿದ್ದರೆ ಒಮ್ಮೆ ತೋರಿಸಿಕೊಳ್ಳಿ. ನಿದ್ದೆ ಸರಿಯಾಗಿ ಬರುತ್ತದೆಯೇ? ರಫೀ ನಿಮ್ಮನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕಿದ್ದರೆ ಸಂಕೋಚ ಮಾಡಬೇಡಿ, ಗಾಡಿ ಇದ್ದೇ ಇದೆ.

ಲೇಖನದ ಸುದ್ದಿ ಇನ್ನೂ ಬಂದಿಲ್ಲ.

ಒಂದು ಸಣ್ಣ ಅನುಮಾನ. ನನಗೇ ತಿಳಿಯದೆಯೂ ಇರಬಹುದು. ಹದಿನಾಲ್ಕನೆಯ ಪುಟದಲ್ಲಿ ‘ಲೇಬರ್’ ಎಂದಿದ್ದಲ್ಲಿ ನೀವು ‘ದಿ ಲೇಬರ್’ ಮಾಡಿದ್ದೀರಿ. ಮುಂದೆ ‘ದಿ ಪಾವರ್ಟಿ’ ಎಂದೂ ಇದೆ. ಎರಡೂ ಸಾಮಾನ್ಯವಾಗಿ ಹೇಳಿದ ಮಾತು. ಗೋಡೆಗೆ ಹಚ್ಚಿದ್ದನ್ನು ಮತ್ತೆ ಮತ್ತೆ ಓದಿದೆ. ಕಾರಣ ತಿಳಿದರೆ ಮುಂದೆ ಅನುಕೂಲವಾಗುತ್ತದೆ ಎಂದು ಕೇಳುತ್ತಿದ್ದೇನೆ, ಬೇರೇನೂ ಅಲ್ಲ.

ನಾಹೀದಾ


ಗಂಗಾವತಿ
15 ಡಿಸೆಂಬರ್ 2024

ನಾಹೀದಾಳಿಗೆ,

ನನ್ನ ಕಣ್ಣು ನೆಟ್ಟಗಿವೆ. ನಿದ್ದೆಯೂ ಬರುತ್ತದೆ. ನನಗೆ ವಯಸ್ಸಾಗಿದೆ ಎಂದು ಇಷ್ಟು ಸುತ್ತು ಹಾಕಿ ಹೇಳಬೇಕಾಗಿರಲಿಲ್ಲ.

ಹದಿನಾಲ್ಕನೆಯ ಪುಟದಲ್ಲಿ ಎರಡೂ ನಡೆಯುತ್ತದೆ. ಗುರುವಿನ ಕೈಬರಹವನ್ನು ಪರೀಕ್ಷಿಸುವಷ್ಟು ಬೆಳೆದಿದ್ದರೆ ಸಂತೋಷ. ಹಾಗಾದರೆ ಇನ್ನು ಮೇಲೆ ನನ್ನ ಹತ್ತಿರ ಕಳಿಸುವ ತ್ರಾಸು ಯಾಕೆ? ರಫೀಗೂ ಒಂದು ಕೆಲಸ ಕಡಿಮೆಯಾಗುತ್ತದೆ.

ದೊಡ್ಡಬಸಪ್ಪ


ಕುಷ್ಟಗಿ
12 ಜನವರಿ 2025

ಸರ್,

ಈ ಪತ್ರವನ್ನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಮುಚ್ಚಿಡುವುದಿಲ್ಲ.

ಲೇಖನದ ಸುದ್ದಿ ಬಂದಿಲ್ಲ ಎಂದು ನಾನು ಸುಳ್ಳು ಹೇಳಿದ್ದೆ. ನವೆಂಬರಿನಲ್ಲೇ ಎರಡನೆಯ ಸಲ ವಾಪಸು ಬಂದಿತ್ತು. ಪರಿಶೀಲಕರು ಬರೆದಿದ್ದಾರೆ: ಭಾಷೆ ಬಹುಮಟ್ಟಿಗೆ ಸುಧಾರಿಸಿದೆ, ಆದರೆ ಕೆಲವು ಕಡೆ ವಿಚಿತ್ರವಾಗಿ ‘ದಿ’ ತುರುಕಲಾಗಿದೆ, ಬರೆದವರಿಗೆ ನಿಯಮ ಗೊತ್ತಿದೆಯೋ ಇಲ್ಲವೋ ಎಂದೇ ತಿಳಿಯುವುದಿಲ್ಲ. ಅವರು ಗುರುತು ಹಾಕಿದ ಒಂದೊಂದು ಜಾಗವೂ ನಿಮ್ಮ ಕೆಂಪು ಶಾಯಿಯ ಜಾಗ. ನಾನಾಗಿ ಬರೆದದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಇದನ್ನು ನಿಮಗೆ ಹೇಗೆ ಹೇಳಬೇಕು? ಸರ್‌ಗೆ ಮರೆವು ಶುರುವಾಗಿದೆ ಎಂದುಕೊಂಡೆ. ಅಡುಗೆಮನೆಯಲ್ಲಿ ಕೂತು ಅತ್ತೆ ಸರ್, ಲೇಖನಕ್ಕಲ್ಲ, ನಿಮಗಾಗಿ.

ಮೊನ್ನೆ ರಫೀ ನಿಮ್ಮ ಮನೆಯಲ್ಲಿ ಚಹಾ ಕುಡಿದು ಬಂದ. ಬಂದವನು ಬಹಳ ಖುಷಿಯಿಂದ ಅನ್ನಮ್ಮನವರ ಮಾತು ಹೇಳಿದ: “ನಿಮ್ಮಕ್ಕನ ಹಾಳ್ಯಾಗ ಅವತ್ತು ಒಂದೂ ತಪ್ಪ ಇದ್ದಿದ್ದಿಲ್ಲಂತ ತಮ್ಮಾ. ಸರ್ ಪೆನ್ ಹಿಡಕೊಂಡು ಕುಂತ್ರು ಕುಂತ್ರು, ಏನೂ ಸಿಗಲಿಲ್ಲ. ನಾನ ಹೇಳಿದೆ, ಬಂದ ಡಬ್ಬಿ ಖಾಲಿ ಕಳಸ್ತೀವೇನ್ರಿ ನಾವು? ಆಕಿ ಇಷ್ಟು ಆಸೆಲೆ ಕಳಸ್ಯಾಳ, ಬರೀ ಹಾಳಿ ಹೆಂಗ ಹೊಳ್ಳಿ ಕೊಡ್ತೀರಿ, ಏನರ ಒಂದೀಟು ಹಾಕ್ರಿ ಅಂದೆ. ಆಮ್ಯಾಲೆ ಹಾಕಿದ್ರು.”

ರಫೀ ಇದನ್ನು ನಿಮ್ಮ ದೊಡ್ಡತನ ಎಂದು ಹೇಳಿದ. “ಭಾಳ ಮರ್ಯಾದಿ ಮಂದಿ ಅದಾರ ನೋಡಕ್ಕಾ” ಅಂದ. ಅಮ್ಮಿಯೂ, “ಮತ್ತ? ಖಾಲಿ ಹೆಂಗ ಕಳಸ್ತಾರ?” ಅಂದರು. ಇಡೀ ಮನೆಗೆ ಸರಿ ಅನ್ನಿಸಿದೆ. ನನಗೊಬ್ಬಳಿಗೇ ಮೈ ಉರಿಯುತ್ತಿದೆ.

ಡಬ್ಬಿಗೆ ಅಕ್ಕಿ ಹಾಕಿದ್ದೀರಿ, ಚಟ್ನಿ ಹಾಕಿದ್ದೀರಿ, ಕಣ್ಣಿಗೆ ಒತ್ತಿಕೊಂಡು ತಿಂದಿದ್ದೇವೆ. ನನ್ನ ಹಾಳೆ ಡಬ್ಬಿಯಲ್ಲ ಸರ್! ಅದರಲ್ಲಿ ತಪ್ಪಿಲ್ಲ ಎಂದು ಒಂದು ಸಾಲು ಬರೆದಿದ್ದರೆ ನಾನು ಕುಣಿದಾಡುತ್ತಿದ್ದೆ. ನಾನೂ ಕುರಿಯ ಹಾಗೆ, ತಪ್ಪು ಎಂದು ಮನಸ್ಸು ಹೇಳುತ್ತಿದ್ದರೂ ಸರ್ ಹಾಕಿದ್ದು ಎಂದು ಟೈಪು ಮಾಡಿದೆ.

ಇದೇ ಜನವರಿ ಕೊನೆಗೆ ಮೂರನೆಯ ಸಲ ಕಳಿಸಬೇಕು. ಇದಾದ ಮೇಲೆ ಮತ್ತೆ ನೋಡುವುದಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ.

ನಾಹೀದಾ


ಗಂಗಾವತಿ
19 ಜನವರಿ 2025

ನಾಹೀದಾ,

ನಿನ್ನ ಪತ್ರ ಓದಿ ಎದ್ದು ಅಂಗಳದಲ್ಲಿ ಸುತ್ತಿದೆ. ಮತ್ತೆ ಕೂತು ಓದಿದೆ. ಅನ್ನಮ್ಮನಿಗೆ ಕೊಟ್ಟೆ. ಅವಳು ಓದಿ, ಕಾಗದ ತೆಗೆದುಕೊಂಡು ಬರೆದಳು: “ಹುಡುಗಿ ಹೇಳೂದು ಖರೇ ಐತಿ. ನನ್ನ ಮಾತ ಕೇಳಿ ನೀವ್ಯಾಕ ಹಾಕಿದ್ರಿ? ಇಂಗ್ಲಿಷ್ ನನಗ ಬರತೈತೇನು?” ಮದುವೆಯಾದಾಗಿನಿಂದ ನನ್ನ ಮಾತು ಕೇಳಿಲ್ಲ ಎಂದು ಬೈಯುತ್ತಿದ್ದವಳು ಈಗ ಯಾಕೆ ಕೇಳಿದಿರಿ ಎಂದು ಬೈಯುತ್ತಿದ್ದಾಳೆ. ಇದನ್ನು ಯಾರ ಮುಂದೆ ಹೇಳಲಿ?

ತಪ್ಪು ಅವಳದಲ್ಲ, ನನ್ನದು. ಆ ‘ದಿ’ಗಳು ತಪ್ಪು ಎಂದು ಹಾಕುವಾಗಲೇ ಗೊತ್ತಿತ್ತು. ಇರಲಿ, ಇದರಿಂದ ಯಾರಿಗೆ ಏನಾಗುತ್ತದೆ ಎಂದುಕೊಂಡೆ. ಡಿಸೆಂಬರಿನಲ್ಲಿ ನೀನು ಕೇಳಿದಾಗ ಸಿಕ್ಕಿಬಿದ್ದೆ, ಸಿಕ್ಕಿಬಿದ್ದವನ ಹಾಗೆಯೇ ಗುರ್ ಎಂದೆ. ನಿನಗೆ ಇನ್ನೊಂದು ಮಾತು ಹೇಳಬೇಕು, ಮನ್ನಿಸು ಎಂದು ಅಲ್ಲ, ಇದ್ದದ್ದು ಇದ್ದ ಹಾಗೆ. ನೌಕರಿಯುದ್ದಕ್ಕೂ ನನ್ನ ಮುಂದೆ ತಪ್ಪಿಲ್ಲದ ಇಂಗ್ಲಿಷ್ ಹಾಳೆ ಬಂದದ್ದೇ ಇಲ್ಲ. ಮೊದಲ ಸಲ ಬಂದಾಗ ಏನು ಮಾಡಬೇಕೋ ತಿಳಿಯಲಿಲ್ಲ. ಖುಷಿಪಡಬೇಕಿತ್ತು. ನನಗಿನ್ನು ಇಲ್ಲಿ ಕೆಲಸವಿಲ್ಲ ಎಂದು ಹೆದರಿಕೆಯಾಯಿತು.

ಸುದ್ದಿ ಬಂದಿಲ್ಲ ಎಂದು ನೀನು ಸುಳ್ಳು ಹೇಳಿದ್ದಕ್ಕೆ ನನಗೂ ಸಿಟ್ಟಿದೆ. ನವೆಂಬರಿನಲ್ಲೇ ಮುಖಕ್ಕೆ ಹೇಳಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು. ನನಗೆ ನೋವಾಗುತ್ತದೆ ಎಂದು ನಿನ್ನ ವರ್ಷಗಳನ್ನು ಪಣಕ್ಕಿಡುತ್ತೀಯಾ? ಮುಂದಿನ ಬೆಂಚಿನ ಆ ಜಗಳಗಂಟಿ ಎಲ್ಲಿ ಹೋದಳು?

ಹಾಳೆ ಕಳಿಸು. ಈ ಸಲ ಇದ್ದರೆ ಇದೆ ಎನ್ನುತ್ತೇನೆ, ಇಲ್ಲದಿದ್ದರೆ ಇಲ್ಲ. ನಾಳೆಯೇ ರಫೀಯನ್ನು ಕಳಿಸು.

ದೊಡ್ಡಬಸಪ್ಪ


ಕುಷ್ಟಗಿ
1 ಫೆಬ್ರುವರಿ 2025

ಸರ್,

ಹಾಳೆ ಕಳಿಸಲಿಲ್ಲ. ನಿನ್ನೆ ನೇರವಾಗಿ ಪತ್ರಿಕೆಗೇ ಕಳಿಸಿಬಿಟ್ಟೆ.

ನಿಮ್ಮ ಪತ್ರ ಬಂದ ದಿನವೇ ಪ್ರಿಂಟು ತೆಗೆದು ಚೀಲಕ್ಕೆ ಹಾಕಿದ್ದೆ. ರಫೀ ಗಾಡಿ ಚಾಲೂ ಮಾಡಿ ಹಾರನ್ ಹೊಡೆಯುತ್ತಿದ್ದ. ಕೊಡಲು ಹೋದವಳು ಹೊಳ್ಳಿ ಒಳಗೆ ಬಂದೆ. ನಿಮ್ಮ ಮೇಲೆ ನಂಬಿಕೆ ಇಲ್ಲವೆಂದಲ್ಲ. ನೀವು ನೋಡಿ ಸರಿಯಿದೆ ಎಂದರೆ ಪ್ರಬಂಧದ ಪ್ರತಿ ಅಧ್ಯಾಯಕ್ಕೂ ನಿಮ್ಮ ಅಂಗಳಕ್ಕೇ ಓಡುತ್ತಿದ್ದೆ. ಹದಿನಾಲ್ಕನೆಯ ಪುಟದಲ್ಲಿ ತಪ್ಪು ಎಂದು ತಿಳಿದೂ ಸುಮ್ಮನಿದ್ದವಳು ನಾನು. ಅದನ್ನೇ ಮತ್ತೆ ಮಾಡಬಾರದು ಅನ್ನಿಸಿತು.

ಕೆಂಪು ಶಾಯಿಯ ‘ದಿ’ ಎಲ್ಲವನ್ನೂ ನಾನೇ ತೆಗೆದೆ. ಒಂದನ್ನು ಮಾತ್ರ ಉಳಿಸಿಕೊಂಡೆ, ಅಲ್ಲಿ ‘ದಿ’ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಮಾರ್ಚಿನ ಒಳಗೆ ಉತ್ತರ ಬರದಿದ್ದರೆ ಅಥವಾ ಬೇಡ ಎಂದು ಬಂದರೆ ಅದು ನನ್ನದೇ. ಬೈಯಬೇಕಿದ್ದರೆ ಬೈಯಿರಿ.

ನಾಹೀದಾ


ಕುಷ್ಟಗಿ
17 ಮಾರ್ಚ್ 2025

ಸರ್!

ಒಪ್ಪಿಕೊಂಡಿದ್ದಾರೆ! ಇವತ್ತು ಮಧ್ಯಾಹ್ನ ಕಾಲೇಜಿನಲ್ಲಿದ್ದಾಗ ಮೇಲ್ ಬಂತು. ಭಾಷೆಯ ಬಗ್ಗೆ ಒಂದು ಮಾತೂ ಇಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಕೂಗಿಬಿಟ್ಟೆ, ಹೊರಗೆ ಪರೀಕ್ಷೆ ನಡೆದಿತ್ತು, ಪ್ರಾಚಾರ್ಯರು ಬಂದು ನೋಡಿ ಹೋದರು. ವಿಶ್ವವಿದ್ಯಾಲಯಕ್ಕೆ ಪತ್ರ ಕಳಿಸಿಯಾಗಿದೆ, ಪ್ರಬಂಧವನ್ನು ಗಡುವಿನೊಳಗೇ ಕೊಡುತ್ತೇನೆ.

ಹದಿನೈದು ದಿನವಾಯಿತು, ತಿಂಗಳಾಯಿತು, ನಿಮ್ಮ ಪತ್ರ ಬರದ್ದಕ್ಕೆ ನಾನು ಏನೇನೋ ಅಂದುಕೊಂಡೆ. ಹಾಳೆ ಕಳಿಸಲಿಲ್ಲ ಎಂದು ಮುನಿಸಿಕೊಂಡಿದ್ದೀರಿ ಎಂದುಕೊಂಡೆ. ಮುನಿಸಿಕೊಂಡಿದ್ದರೂ ಇದನ್ನು ಮೊದಲು ನಿಮಗೇ ಹೇಳಬೇಕಿತ್ತು. ಅಮ್ಮಿಗೂ ಇನ್ನೂ ಹೇಳಿಲ್ಲ.

ಲೇಖನದ ಪ್ರತಿ ಇದರ ಜೊತೆಗಿದೆ. ತಿದ್ದಲು ಅಲ್ಲ, ಓದಲು.

ನಿಮ್ಮ ನಾಹೀದಾ


ಗಂಗಾವತಿ
23 ಮಾರ್ಚ್ 2025

ತಂಗಿ ನಾಹೀದಾ,

ಮುನಿಸಿಕೊಂಡಿರಲಿಲ್ಲ. ಬರೆಯಲು ಕೂತರೆ ಏನಾಯಿತು ಏನಾಯಿತು ಎಂದು ಕೇಳಬೇಕಾಗುತ್ತಿತ್ತು. ನೀನೇ ಹೇಳಲಿ ಎಂದು ತಡೆದುಕೊಂಡೆ. ರಫೀ ಬಂದಾಗಲೆಲ್ಲ ಅವನ ಮುಖ ನೋಡುತ್ತಿದ್ದೆ, ಆ ಹುಡುಗನ ಮುಖದಲ್ಲಿ ದಾಳಿಂಬೆ ರೇಟು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಸುದ್ದಿ ಓದಿ ಪ್ರಭುರಾಜನನ್ನು ಅಂಗಡಿಯಿಂದ ಕರೆಸಿ ಓದಿಸಿದೆ. ಅನ್ನಮ್ಮನ ಕಣ್ಣು ತುಂಬಿ ಬಂದವು. ನನ್ನವೂ ಬಂದವು, ಅದನ್ನು ಯಾರಿಗೂ ಹೇಳಬೇಡ.

ಲೇಖನವನ್ನು ಎರಡು ಸಲ ಓದಿದೆ. ಆ ಹೆಂಗಸರು ಕಣ್ಣ ಮುಂದೆ ಬಂದರು. ಶೆಡ್ಡು ಯಾವುದು, ಹಂಗಾಮು ಯಾವುದು, ಕುಷ್ಟಗಿಯನ್ನು ಕಾಣದವನಿಗೂ ತಿಳಿಯುತ್ತದೆ. ಇಷ್ಟು ಬರೆಯಲು ನಿನಗೆ ಯಾರೂ ಕಲಿಸಿಲ್ಲ, ನಾನಂತೂ ಕಲಿಸಿಲ್ಲ.

ಏಳನೆಯ ಪುಟದಲ್ಲಿ, ಈ ಸಲ ನೀನು ಹೊಸದಾಗಿ ಸೇರಿಸಿದ ಭಾಗದಲ್ಲಿ, ಒಂದು ‘ದಿ’ ಬಿಟ್ಟುಹೋಗಿದೆ. ನನ್ನ ಕೈ ಪೆನ್ನಿನ ಹತ್ತಿರ ಹೋಗಿತ್ತು, ವಾಪಸು ತೆಗೆದುಕೊಂಡೆ. ಎಲ್ಲಿ ಎಂದು ಕೇಳಬೇಡ, ಹೇಳುವುದಿಲ್ಲ. ಅದು ನಿನ್ನ ತಪ್ಪು ತಂಗಿ, ನಿನ್ನ ಹೆಸರಿನಲ್ಲೇ ಅಚ್ಚಾಗಲಿ.

ದೊಡ್ಡಬಸಪ್ಪ